ಸಹಾಯ ಬೇಕು: ಮಗನಿಗೆ ಹುಟ್ಟಿನಿಂದಲೇ ಹಲ್ಲಿನ ಮೊಗ್ಗುಗಳಿಲ್ಲ

ಎಲ್ಲರಿಗೂ ನಮಸ್ಕಾರ. ಮಗನಿಗೆ 3 ವರ್ಷ ತುಂಬಿದರೂ ಒಂದು ಹಲ್ಲೂ ಮೂಡಿಲ್ಲ. ‘ಕೆಲವರಿಗೆ ತಡ, ಬರುತ್ತೆ ಬಿಡು’ ಅಂತ ಮನೆಯವರು ಹೇಳಿದ್ದನ್ನೇ ನಂಬಿಕೊಂಡಿದ್ದೆ. ಕಳೆದ ವಾರ ಎಕ್ಸ್‌ರೇ ತೆಗೆಸಿದಾಗ ದವಡೆಯೊಳಗೂ ಹಲ್ಲಿನ ಮೊಗ್ಗುಗಳಿಲ್ಲ ಅಂತ ಗೊತ್ತಾಯ್ತು. ಇದಕ್ಕೆ ಅನೊಡಾಂಟಿಯಾ ಅನ್ನುತ್ತಾರೆ. ಕೆಲವು ಹಲ್ಲು ಮಾತ್ರ ಇಲ್ಲದಿದ್ದರೆ ಹೈಪೊಡಾಂಟಿಯಾ. ಒಂದೂ ಇಲ್ಲದಿರುವುದು ಬಹಳ ಅಪರೂಪವಂತೆ.

ಅವನ ಕೂದಲೂ ತೀರಾ ತೆಳು. ಬೆವರುವುದು ಕಡಿಮೆ, ಸೆಕೆಯಲ್ಲಿ ಮೈ ಕೆಂಡದ ಹಾಗೆ ಸುಡುತ್ತೆ. ಹಲ್ಲು, ಕೂದಲು, ಬೆವರುಗ್ರಂಥಿ ಎಲ್ಲವೂ ಭ್ರೂಣದ ಹೊರಪದರದಿಂದ ಶುರುವಾಗುವುದರಿಂದ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ (ಆ ಪದರದಿಂದ ಬರುವ ಭಾಗಗಳು ಸರಿಯಾಗಿ ಬೆಳೆಯದ ಹುಟ್ಟು ತೊಂದರೆ) ಇರಬಹುದು, ಜೀನ್ ಪರೀಕ್ಷೆ ಮಾಡಿಸಿ ಎಂದಿದ್ದಾರೆ ಡಾಕ್ಟರು. ಇದನ್ನು ಮೊದಲೇ ಗಮನಿಸಬೇಕಿತ್ತು ಅನ್ನೋ ಸಂಕಟ ನನಗೆ.

ಇಂಪ್ಲಾಂಟ್‌ಗೆ (ದವಡೆ ಮೂಳೆಗೇ ಕೂರಿಸುವ ಕೃತಕ ಹಲ್ಲು) ಸಾಮಾನ್ಯವಾಗಿ ದವಡೆ ಬೆಳೆದು ಮುಗಿಯುವವರೆಗೆ ಕಾಯಬೇಕು. ಅಲ್ಲಿಯವರೆಗೆ ಪುಟ್ಟ ಹಲ್ಲುಸೆಟ್ಟು, ಬೆಳೆದ ಹಾಗೆ ಬದಲಿಸುತ್ತಾ ಹೋಗಬೇಕು.

ಇಷ್ಟು ಚಿಕ್ಕ ಮಗುವಿಗೆ ಸೆಟ್ಟು ಹಾಕಿಸಿದವರು ಇದ್ದೀರಾ? ಮಗು ಅದನ್ನು ಬಾಯಲ್ಲಿ ಇಟ್ಟುಕೊಳ್ಳೋಕೆ ಎಷ್ಟು ದಿನ ಹಿಡೀತು? ಮಾತು ಸ್ಪಷ್ಟವಾಯ್ತಾ? ‘ತ’, ‘ಸ’ ಹೇಳೋಕೆ ಅವನು ಒದ್ದಾಡುವುದನ್ನು ನೋಡಲಾಗುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಬರೆಯಿರಿ.