ಯೆಹೂದಿ ಧರ್ಮದಲ್ಲಿ ಹೆಂಗಸರು ರಬ್ಬಿ ಆಗಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಧರ್ಮಗಳ ಇತಿಹಾಸ ಪಾಠ ಮಾಡುವವರು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಅಮೆರಿಕದಲ್ಲಿರುವ ನನ್ನ ತಂಗಿ ಒಂದು ಯೆಹೂದಿ ಮದುವೆಗೆ ಹೋಗಿದ್ದಳು. ಮದುವೆ ಮಾಡಿಸಿದ್ದು ಮಹಿಳಾ ರಬ್ಬಿ, ಅಂದರೆ ಯೆಹೂದಿ ಧರ್ಮಗುರುವಂತೆ. ಇಸ್ರೇಲಿನಲ್ಲಿ ಕೆಲಸ ಮಾಡಿ ಬಂದ ಭಾವ ಮಾತ್ರ ‘ಅವರಲ್ಲಿ ಹೆಂಗಸರು ರಬ್ಬಿ ಆಗೋದೇ ಇಲ್ಲ’ ಅನ್ನುತ್ತಾರೆ. ಯಾರು ಹೇಳಿದ್ದು ಸರಿ?

ಉತ್ತರ: ಇಬ್ಬರೂ ತಾವು ಕಂಡಿದ್ದನ್ನೇ ಹೇಳಿದ್ದಾರೆ. ಯೆಹೂದಿಗಳಲ್ಲಿ ಹಲವು ಪಂಗಡಗಳಿವೆ. ಸುಧಾರಣಾವಾದಿ ರಿಫಾರ್ಮ್ ಮತ್ತು ನಡುದಾರಿಯ ಕನ್ಸರ್ವೇಟಿವ್ ಪಂಗಡಗಳಲ್ಲಿ ಮಹಿಳಾ ರಬ್ಬಿಗಳಿದ್ದಾರೆ. ಸಂಪ್ರದಾಯಸ್ಥರ ಆರ್ಥೊಡಾಕ್ಸ್ ಪಂಗಡ ಬಹುಮಟ್ಟಿಗೆ ಒಪ್ಪುವುದಿಲ್ಲ. ಇಸ್ರೇಲಿನಲ್ಲಿ ಯೆಹೂದಿ ಮದುವೆಗಳನ್ನು ನೋಡಿಕೊಳ್ಳುವ ಸರ್ಕಾರಿ ರಬ್ಬಿ ಮಂಡಳಿ ಆರ್ಥೊಡಾಕ್ಸ್ ಆದ್ದರಿಂದ ನಿಮ್ಮ ಭಾವನಿಗೆ ಹಾಗೆ ಕಂಡಿದೆ.

ರಬ್ಬಿ ಎಂದರೆ ನಮ್ಮ ಪೂಜಾರಿಯಂತಲ್ಲ. ಶಾಸ್ತ್ರ ಓದಿ ಪಾಠ ಹೇಳುವುದು, ಧರ್ಮದ ನಿಯಮದಲ್ಲಿ ಸಂಶಯ ಬಂದರೆ ತೀರ್ಮಾನ ಹೇಳುವುದು ಅವರ ಮುಖ್ಯ ಕೆಲಸ. ಹಾಗಿದ್ದರೆ ಹೆಂಗಸರಿಗೆ ತಡೆ ಏಕೆ? ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆಗೆ 10 ಗಂಡಸರು ಬೇಕು, ಆ ಲೆಕ್ಕಕ್ಕೆ ಹೆಂಗಸರು ಸೇರುವುದಿಲ್ಲ. ಅನೇಕ ವಿಷಯಗಳಲ್ಲಿ ಅವರ ಸಾಕ್ಷಿಯೂ ನಡೆಯುವುದಿಲ್ಲ. 12ನೇ ಶತಮಾನದ ಪಂಡಿತ ಮೈಮೊನಿಡೀಸ್ ಅಂತೂ ಅಧಿಕಾರದ ಸ್ಥಾನಕ್ಕೆ ಹೆಂಗಸರನ್ನು ನೇಮಿಸಬಾರದು ಎಂದೇ ಬರೆದರು.

ಇದಕ್ಕೆಲ್ಲ ಶಾಸ್ತ್ರದಿಂದಲೇ ಉತ್ತರ ಹುಡುಕಿದವರು ಬರ್ಲಿನ್‌ನ ರೆಗಿನಾ ಯೋನಸ್. ‘ಹೆಂಗಸು ರಬ್ಬಿ ಆಗಬಹುದೇ?’ ಎಂಬುದೇ 1930ರ ಅವರ ಪ್ರಬಂಧದ ವಿಷಯ. ರೂಢಿ ಮತ್ತು ಪೂರ್ವಗ್ರಹ ಬಿಟ್ಟರೆ ದೊಡ್ಡ ಅಡ್ಡಿ ಏನೂ ಇಲ್ಲ ಎಂಬುದು ಅವರ ತೀರ್ಮಾನ. ಶಾಸ್ತ್ರವನ್ನು ಬದಿಗಿಡದೆ, ಅದರೊಳಗೇ ನಿಂತು ವಾದಿಸಿದ್ದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಪ್ರಶ್ನೆ (ಇನ್ನೊಬ್ಬರು): ಮೇಡಂ, ಮೊದಲ ಮಹಿಳಾ ರಬ್ಬಿ ಅಮೆರಿಕದ ಸ್ಯಾಲಿ ಪ್ರೀಸ್ಯಾಂಡ್ ಅಲ್ವಾ?

ಉತ್ತರ: ಅಮೆರಿಕಕ್ಕೆ ಅವರೇ ಮೊದಲು, 1972ರಲ್ಲಿ. ಯೋನಸ್ ಅವರಿಗೆ ರಬ್ಬಿ ದೀಕ್ಷೆ ಸಿಕ್ಕಿದ್ದು 1935ರ ಡಿಸೆಂಬರ್‌ನಲ್ಲಿ. ಅದೂ ಸುಲಭವಾಗಿ ಸಿಗಲಿಲ್ಲ. ಪ್ರಬಂಧ ಮೆಚ್ಚಿದ್ದ ಪ್ರಾಧ್ಯಾಪಕ ಎಡುವರ್ಡ್ ಬಾನೆಟ್ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಒಪ್ಪಲಿಲ್ಲ. ಕೊನೆಗೆ ಆಫನ್‌ಬಾಖ್‌ನ ರಬ್ಬಿ ಮ್ಯಾಕ್ಸ್ ಡೀನಮಾನ್ ಪರೀಕ್ಷೆ ಮಾಡಿ ದೀಕ್ಷೆ ಕೊಟ್ಟರು. ಆಗ ಜರ್ಮನಿಯಲ್ಲಿ ಹಿಟ್ಲರ್ ಆಡಳಿತ. 1942ರ ನವೆಂಬರ್‌ನಲ್ಲಿ ನಾಜಿಗಳು ಯೋನಸ್ ಅವರನ್ನು ಯೆಹೂದಿಗಳನ್ನು ಕೂಡಿಹಾಕುತ್ತಿದ್ದ ಥೆರೇಸಿಯನ್‌ಸ್ಟಾಟ್‌ಗೆ ಸಾಗಿಸಿದರು. ಅಲ್ಲೂ ಸುಮ್ನೆ ಕೂರಲಿಲ್ಲ. ಉಪನ್ಯಾಸ ಕೊಟ್ಟರು. ಮನೋವೈದ್ಯ ವಿಕ್ಟರ್ ಫ್ರಾಂಕಲ್ ಜೊತೆ ಸೇರಿ, ಹೊಸದಾಗಿ ರೈಲಿನಲ್ಲಿ ಬಂದು ಕಂಗೆಟ್ಟವರಿಗೆ ಧೈರ್ಯ ಹೇಳಿದರು. 1944ರಲ್ಲಿ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ನಲ್ಲಿ ಅವರನ್ನು ಕೊಂದರು.

ಅವರನ್ನು ಬಲ್ಲ ದೊಡ್ಡ ದೊಡ್ಡವರು ಯುದ್ಧ ಮುಗಿದ ಮೇಲೂ ಬದುಕಿದ್ದರು. ಆದರೂ ಹೆಸರು ಮರೆಯಾಯಿತು. 1991ರ ಸುಮಾರಿಗೆ ಸಂಶೋಧಕಿ ಕಥಾರಿನಾ ಫಾನ್ ಕೆಲ್ಲೆನ್‌ಬಾಖ್ ಬರ್ಲಿನ್‌ನ ದಾಖಲೆ ಸಂಗ್ರಹದಲ್ಲಿ ಅವರ ಕಾಗದಪತ್ರ ಕಂಡ ಮೇಲೆಯೇ ಮತ್ತೆ ಜಗತ್ತಿಗೆ ಗೊತ್ತಾಗಿದ್ದು. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ. ಪ್ರೀಸ್ಯಾಂಡ್ ಪೀಳಿಗೆಯವರು ಇಂಥದ್ದೊಂದು ದಾರಿ ಆಗಲೇ ಇದೆ ಎಂದು ಸರಿಯಾಗಿ ತಿಳಿಯದೇ ಹೋರಾಡಬೇಕಾಯಿತು.

ಪ್ರಶ್ನೆ: ಆರ್ಥೊಡಾಕ್ಸ್‌ನಲ್ಲಿ ಏನೂ ಬದಲಾಗಿಲ್ಲವೇ? ಭಾರತದ ಯೆಹೂದಿಗಳಲ್ಲಿ?

ಉತ್ತರ: ಬದಲಾಗುತ್ತಿದೆ, ಜಗಳದ ನಡುವೆಯೇ. 2009ರಲ್ಲಿ ನ್ಯೂಯಾರ್ಕ್‌ನಲ್ಲಿ ಆವಿ ವೈಸ್ ಎಂಬ ರಬ್ಬಿ ಸಾರಾ ಹರ್ವಿಟ್ಜ್ ಅವರಿಗೆ ದೀಕ್ಷೆ ಕೊಟ್ಟರು. ಹೆಂಗಸರಿಗಾಗಿ ಶಾಲೆಯೂ ಶುರುವಾಯಿತು. 2017ರಲ್ಲಿ ಅಮೆರಿಕದ ಆರ್ಥೊಡಾಕ್ಸ್ ಯೂನಿಯನ್ ಇದು ಬೇಡ ಎಂದಿತು. ಆದರೆ ಹಳೆಯ ಕಾಲದಲ್ಲೇ ಉದಾಹರಣೆ ಇದೆ: 17ನೇ ಶತಮಾನದಲ್ಲಿ ಈಗಿನ ಇರಾಕಿನ ಮೋಸುಲ್‌ನಲ್ಲಿ ಆಸೆನಾತ್ ಬರ್ಜಾನಿ ಗಂಡ ತೀರಿಕೊಂಡ ಮೇಲೆ ಯೆಹೂದಿ ಶಾಸ್ತ್ರ ಕಲಿಸುವ ಶಾಲೆಯನ್ನು ತಾವೇ ನಡೆಸಿದರು.

ಭಾರತದ ಮಾತು ಬಂದರೆ ಡಾ. ಜೆರೂಶಾ ಜಿರಾಡ್ ನೆನಪಾಗುತ್ತಾರೆ. ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ, ಬೆನೆ ಇಸ್ರೇಲ್ ಎಂಬ ಭಾರತೀಯ ಯೆಹೂದಿ ಸಮುದಾಯದ ಕುಟುಂಬದಲ್ಲಿ. ರಬ್ಬಿ ಅಲ್ಲ, ಹೆರಿಗೆ ವೈದ್ಯೆ. ಲಂಡನ್‌ನಲ್ಲಿ ಓದುವಾಗ ಅಲ್ಲಿನ ಉದಾರವಾದಿ ಯೆಹೂದಿಗಳ ವಿಚಾರ ಹಿಡಿಸಿ, 1925ರಲ್ಲಿ ಮುಂಬೈಯಲ್ಲಿ ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಎಂಬ ಸಂಘ ಕಟ್ಟಿದರು. 1966ರಲ್ಲಿ ಅವರಿಗೆ ಪದ್ಮಶ್ರೀ ಬಂತು.