ಹನ್ನೆರಡು ತಾಣ ಬೇಡ, ಬೈತಖೋಲ ಒಂದು ಸಾಕು

ಗುಂಪು: ನಮ್ಮ ಮನೆತನ, ಬೆಳಗಾವಿ

ಶಹಾಪುರದ ಕಾಕಾ (ಫಾರ್ವರ್ಡ್): ಒಂದೇ ದಿನದಲ್ಲಿ ಕಾರವಾರದ 12 ತಾಣಗಳು! 8 ಗಂಟೆಗೆ ಟ್ಯಾಗೋರ್ ಕಡಲತೀರ. 8.40ಕ್ಕೆ 1971ರಲ್ಲಿ ಕರಾಚಿ ಬಂದರನ್ನು ಸುಟ್ಟ ಯುದ್ಧನೌಕೆ ಚಪಲ್. 9.20ಕ್ಕೆ ಸದಾಶಿವಗಡ. 10ಕ್ಕೆ ದೋಣಿಯಲ್ಲಿ ಕೂರ್ಮಗಡ. 11ಕ್ಕೆ ಸೀಬರ್ಡ್ ನೌಕಾನೆಲೆ... ಎಲ್ಲರಿಗೂ ಕಳುಹಿಸಿ!

ಶಹಾಪುರದ ಕಾಕಾ: ದೀಪಾವಳಿ ರಜೆಗೆ ಇದೇ ಪಕ್ಕಾ. ಟೆಂಪೊ ಟ್ರಾವೆಲರ್‌ಗೆ ಮುಂಗಡ ಕೊಡಲೇ?

ಗೋಕಾಕದ ಅತ್ತೆ: ಕೂರ್ಮಗಡವನ್ನು ಮೊದಲು ತೆಗೆದುಹಾಕಿ. 2019ರ ಜನವರಿಯಲ್ಲಿ ಅಲ್ಲಿನ ನರಸಿಂಹ ದೇವರ ಜಾತ್ರೆಯ ದೋಣಿ ಮುಳುಗಿ 16 ಮಂದಿ ಸತ್ತರು. ಮೈಮೇಲೆ ಜೀವರಕ್ಷಕ ಜಾಕೆಟ್ ಇಲ್ಲದೆ ನನ್ನ ಮೊಮ್ಮಕ್ಕಳು ಯಾವ ದೋಣಿಯನ್ನೂ ಹತ್ತುವುದಿಲ್ಲ.

ಬೆಂಗಳೂರಿನ ತಮ್ಮ: ಸಮುದ್ರವೇ ಬೇಕಿದ್ದರೆ ಗೋವಾ ಇದೆಯಲ್ಲ?

ಶಹಾಪುರದ ಕಾಕಾ: ಗೋವಾಕ್ಕೆ ಪ್ರತಿವರ್ಷ ಹೋಗುತ್ತೇವೆ. ಆ ಮಾತು ಬಿಡು.

ನಾನು: ಕಾಕಾ, ಮುಂಗಡ ಕೊಡಿ, ಆದರೆ ಈ ಪಟ್ಟಿಯನ್ನು ಬಿಡಿ. ಚಪಲ್ 1971ರ ಯುದ್ಧದಲ್ಲಿ ಇರಲೇ ಇಲ್ಲ. ಅದು ನೌಕಾಪಡೆಗೆ ಸೇರಿದ್ದು 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಹೋದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ಅವುಗಳ ನಂತರ ಬಂದ ತಂಡದ್ದು. 2005ರಲ್ಲಿ ನಿವೃತ್ತಿಯಾಗಿ ಈಗ ಮರಳ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಖಂಡಿತ ನೋಡೋಣ, ಆದರೆ ಬೇರೆಯವರ ಸಾಹಸವನ್ನು ಅದರ ಹೆಸರಿಗೆ ಬರೆಯುವುದು ಬೇಡ. ಇನ್ನು ಸೀಬರ್ಡ್ ಎಂದರೆ ಕಾವಲಿರುವ ನೌಕಾನೆಲೆ. ಪ್ರವಾಸಿಗರು ಮನಸ್ಸು ಬಂದಾಗ ಒಳಗೆ ಹೋಗುವ ಜಾಗವಲ್ಲ.

ಶಹಾಪುರದ ಕಾಕಾ: ನನಗೆ ಇದನ್ನು ಕಳುಹಿಸಿದವರು ನಿವೃತ್ತ ಮೇಷ್ಟರು. ಅವರಿಗಿಂತ ನಿನಗೆ ಹೆಚ್ಚು ಗೊತ್ತೇ?

ನಾನು: ಮೇಷ್ಟರ ಮೇಲೆ ನನಗೆ ಗೌರವವಿದೆ. ಇಸವಿ ಮಾತ್ರ ತಪ್ಪು.

ಗೋಕಾಕದ ಅತ್ತೆ: ಹಾಗಾದರೆ ದಿನವಿಡೀ ಏನು ನೋಡುವುದು?

ನಾನು: ಬಂದರು. ಕಾರವಾರ ಬಂದರಿನ ಊರು, ಆದರೆ ಹನ್ನೆರಡು ತಾಣಗಳ ಈ ಪಟ್ಟಿಯಲ್ಲಿ ಬಂದರೇ ಇಲ್ಲ! ಊರಿನ ದಕ್ಷಿಣಕ್ಕೆ, ಗುಡ್ಡದ ಬುಡದಲ್ಲಿ ಬೈತಖೋಲ ಎಂಬ ಮೀನುಗಾರಿಕೆ ಬಂದರು ಇದೆ. ಹಿಂದಿನ ದಿನವೇ ಹೋಗಿ ಉಳಿದು, ಬೆಳಕು ಹರಿಯುವ ಹೊತ್ತಿಗೆ ಅಲ್ಲಿರೋಣ. ಜೂನ್ ಮತ್ತು ಜುಲೈನ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದೀಪಾವಳಿಯ ಹೊತ್ತಿಗೆ ದೋಣಿಗಳು ಮತ್ತೆ ಕಡಲಿಗಿಳಿದಿರುತ್ತವೆ.

ಶಹಾಪುರದ ಕಾಕಾ: ನಾವು ಮೀನು ತಿನ್ನುವವರಲ್ಲ. ಹಬ್ಬದ ದಿನಗಳಲ್ಲಿ ಆ ವಾಸನೆಯ ನಡುವೆ ಅವ್ವನನ್ನು ಕರೆದುಕೊಂಡು ಹೋಗಬೇಕೇ?

ನಾನು: ತಿನ್ನಬೇಕೆಂದು ಯಾರು ಹೇಳಿದರು, ಕಾಕಾ? ಕಳೆದ ವರ್ಷ ಅಲ್ಲಿ ಒಬ್ಬ ಹಿರಿಯರು ನೀಲಿ ನೈಲಾನ್ ಬಲೆಯನ್ನು ಹರಡಿಕೊಂಡು ಕುಳಿತಿದ್ದರು. ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಹರಿದ ಕಣ್ಣನ್ನು ಬೆರಳಿನಿಂದ ಅಳೆದು, ಚಪ್ಪಟೆ ಸೂಜಿಯನ್ನು ಒಳಗೆ ತೂರಿಸಿ ಎಳೆದರೆ ಗಂಟು ಬಿಗಿಯಾಗುತ್ತಿತ್ತು. ಅವರು ಕೆಳಗೆ ನೋಡುತ್ತಲೇ ಇರಲಿಲ್ಲ. ನನಗೆ ನೆನಪಾದದ್ದು ನೀವು. ಮಗ್ಗದಲ್ಲಿ ಹಾಸಿನ ಎಳೆ ಹರಿದಾಗ ಮಾತನಾಡುತ್ತಲೇ ಗಂಟು ಹಾಕುತ್ತಿದ್ದಿರಲ್ಲ, ಅದೇ ಕೈ. ನೀವು ಅವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಬೇಕೆಂದು ನನ್ನ ಆಸೆ. ನಲವತ್ತು ನಿಮಿಷಕ್ಕೊಂದು ತಾಣ ಎಂದು ಓಡಿದರೆ ಅದು ಸಿಗುವುದಿಲ್ಲ.

ನಾನು: ಇನ್ನೊಂದು ಮಾತು. ಬೈಲಹೊಂಗಲದಲ್ಲಿ ಮುತ್ತಜ್ಜ ಹತ್ತಿ ವ್ಯಾಪಾರ ಮಾಡಿದವರು. ಅವರಿಗೂ ಹಿಂದಿನ ಕಾಲದಲ್ಲಿ ನಮ್ಮ ಬಯಲುಸೀಮೆಯ ಹತ್ತಿ ಘಟ್ಟವಿಳಿದು ಕಾರವಾರದಲ್ಲಿ ಹಡಗು ಹತ್ತುತ್ತಿತ್ತು. ರೈಲು ಲೋಂಡಾ ದಾಟಿ ಮಾರ್ಮಗೋವಾಕ್ಕೆ ಹೋದ ಮೇಲೆ ಆ ವ್ಯಾಪಾರ ಅತ್ತ ಹರಿಯಿತು. ಕಾರವಾರ ನಮಗೆ ಪರವೂರಲ್ಲ.

ಬೆಂಗಳೂರಿನ ತಮ್ಮ: ಇದು ನನಗೆ ಗೊತ್ತೇ ಇರಲಿಲ್ಲ. ನಾನೂ ಬರುತ್ತೇನೆ. ಸಂಜೆಗೆ?

ನಾನು: ಸಂಜೆ ಸದಾಶಿವಗಡದಿಂದ ಕಾಳಿ ನದಿ ಕಡಲಿಗೆ ಸೇರುವುದನ್ನು ನೋಡೋಣ. ರವೀಂದ್ರನಾಥ ಟ್ಯಾಗೋರರು ಎಳೆ ಹರೆಯದಲ್ಲಿ ಇಲ್ಲಿದ್ದಾಗ ಒಂದು ರಾತ್ರಿ ಇದೇ ಕಾಳಿಯಲ್ಲಿ ದೋಣಿಯಲ್ಲಿ ಹೋಗಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು.

ಗೋಕಾಕದ ಅತ್ತೆ: ಆ ಕಾಳಿ ಸೇತುವೆ ಬಿದ್ದಿತ್ತಲ್ಲ?

ನಾನು: 2024ರ ಆಗಸ್ಟ್‌ನಲ್ಲಿ ಬಿದ್ದದ್ದು ಹಳೆಯ ಸೇತುವೆ, ಅತ್ತೆ. ಪಕ್ಕದಲ್ಲೇ ಹೊಸದು ಇದೆ.

ಅಮ್ಮ: ಅಜ್ಜಿ ಹೇಳಿದ್ದನ್ನು ಬರೆಯುತ್ತಿದ್ದೇನೆ. "ಎಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ ಸಮುದ್ರ ನೋಡುತ್ತೇನೆ. ಹನ್ನೆರಡು ಕಡೆ ಇಳಿದು ಹತ್ತಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಒಂದು ಕಡೆ ಕುರ್ಚಿ ಹಾಕಿ ಕೂರಿಸಿ. ವಾಸನೆ ಬಂದರೆ ಸೆರಗು ಇದೆ."

ಶಹಾಪುರದ ಕಾಕಾ: ಅವ್ವ ಹೇಳಿದ ಮೇಲೆ ಮುಗಿಯಿತು. ಜೊಯಿಡಾ, ಅಣಶಿ ಘಟ್ಟದ ರಸ್ತೆ ಹೇಗಿದೆ ಎಂದು ಚಾಲಕನನ್ನು ಕೇಳುತ್ತೇನೆ. ಮಡಚುವ ಕುರ್ಚಿ ನಮ್ಮ ಮನೆಯಲ್ಲಿದೆ. ಆದರೆ ಚಪಲ್ ಹತ್ತಿರ ಯಾರನ್ನಾದರೂ ಕೇಳಿಯೇ ಇಸವಿಯನ್ನು ಒಪ್ಪುತ್ತೇನೆ.