ರೊಮೇನಿಯಾ ಪೌರತ್ವಕ್ಕೆ ವಂಶದ ದಾಖಲೆಗಳು: ಅಪೊಸ್ಟಿಲ್ ಮೊದಲೋ, ಅನುವಾದ ಮೊದಲೋ?

ಕೇಳಿದ್ದು: ನಮ್ಮ ಯಜಮಾನರು ಮೊಲ್ಡೋವಾದವರು, ಈಗ ಬೆಂಗಳೂರಲ್ಲಿದ್ದೇವೆ. ಅವರ ತಾಯಿಯ ತಂದೆ 1932ರಲ್ಲಿ ಸೊರೊಕಾ ಸೀಮೆಯ ಹಳ್ಳಿಯಲ್ಲಿ ಹುಟ್ಟಿದವರು. ಆ ಆಧಾರದ ಮೇಲೆ ಯಜಮಾನರು, ಆರು ವರ್ಷದ ಮಗಳು ಇಬ್ಬರಿಗೂ ಅರ್ಜಿ ಹಾಕಬೇಕು. ನಮ್ಮ ಮದುವೆ ನೋಂದಣಿ, ಮಗಳ ಜನನ ಎರಡೂ ಬೆಂಗಳೂರಿನದು. ಅತ್ತೆಯವರ ಹತ್ತಿರ ಇರುವುದೆಲ್ಲ ಹಳೇ ಸೋವಿಯತ್ ಪತ್ರಗಳು. ಎಲ್ಲಿಂದ ಶುರುಮಾಡಲಿ?

ಉತ್ತರ 1: ಮೊದಲು ಅರ್ಹತೆ ಖಚಿತಪಡಿಸಿಕೊಳ್ಳಿ. ರೊಮೇನಿಯಾದ ಪೌರತ್ವ ಕಾಯ್ದೆಯ (1991ರ 21ನೇ ಕಾಯ್ದೆ) 11ನೇ ವಿಧಿ ತಮ್ಮ ಇಚ್ಛೆಯಿಲ್ಲದೆ ಪೌರತ್ವ ಕಳೆದುಕೊಂಡವರಿಗೂ ಅವರ ಮೂರನೇ ತಲೆಮಾರಿನವರೆಗಿನ ಸಂತತಿಗೂ ಅನ್ವಯಿಸುತ್ತದೆ. ನಿಮ್ಮ ಯಜಮಾನರು ಎರಡನೆಯವರು, ಮಗಳು ಮೂರನೆಯವಳು. ಬೆಸರಾಬಿಯಾ (ಇಂದಿನ ಮೊಲ್ಡೋವಾದ ಬಹುಭಾಗ) 1918ರಿಂದ 1940ರ ಜೂನ್‌ವರೆಗೆ ರೊಮೇನಿಯಾದಲ್ಲಿತ್ತು, ಸೊರೊಕಾ ಅದರೊಳಗೇ ಬರುತ್ತದೆ. ಡ್ನಿಯೆಸ್ಟರ್ ನದಿಯ ಎಡದಂಡೆಯ ತಿರಸ್ಪೋಲ್, ರಿಬ್ನಿತ್ಸಾಗಳ ಕಥೆ ಬೇರೆ. 1940ಕ್ಕೆ ಮುಂಚೆ ಅವು ಸೋವಿಯತ್ ಉಕ್ರೇನಿನಲ್ಲಿದ್ದವು. ಹಾಗಾಗಿ ಹಳ್ಳಿಯ ಹೆಸರನ್ನು ಇವತ್ತಿನ ನಕ್ಷೆಯಲ್ಲಿ ನೋಡಿ ತೃಪ್ತರಾಗಬೇಡಿ, ಅಂದಿನ ಜಿಲ್ಲೆಯ ಹೆಸರು ಹುಡುಕಿ.

ಆಮೇಲೆ ಒಂದು ಹಾಳೆಯಲ್ಲಿ ಕೊಂಡಿ ಬರೆಯಿರಿ: ಅಜ್ಜನ ಜನನ, ಅಜ್ಜನ ಮದುವೆ, ಅತ್ತೆಯ ಜನನ, ಅತ್ತೆಯ ಮದುವೆ, ಯಜಮಾನರ ಜನನ, ನಿಮ್ಮ ಮದುವೆ, ಮಗಳ ಜನನ. ವಂಶ ಹೆಣ್ಣಿನ ಕಡೆಯಿಂದ ಬಂದಿರುವುದರಿಂದ ಅತ್ತೆಯ ಮದುವೆ ಪತ್ರ ಬಿಟ್ಟರೆ ಕೊಂಡಿ ತುಂಡಾಗುತ್ತದೆ; ಮದುವೆಗೆ ಮುಂಚಿನ ಮತ್ತು ಆಮೇಲಿನ ಮನೆಹೆಸರನ್ನು ಸೇರಿಸುವ ಕಾಗದ ಅದೊಂದೇ.

ಸೋವಿಯತ್ ಪತ್ರಗಳನ್ನು ಅನುವಾದಕ್ಕೆ ಕೊಡಲೇಬೇಡಿ. ಅವು ರಷ್ಯನ್ ಮತ್ತು ಸಿರಿಲಿಕ್ ಲಿಪಿಯ ಮೊಲ್ಡೋವನ್‌ನಲ್ಲಿರುತ್ತವೆ. ಕಿಶಿನೌನಲ್ಲಿರುವ ಸಾರ್ವಜನಿಕ ಸೇವಾ ಏಜೆನ್ಸಿಯ ನಾಗರಿಕ ನೋಂದಣಿ ವಿಭಾಗದಿಂದ ಹೊಸ ಪ್ರತಿ ತೆಗೆಸಿ. ಅದು ಲ್ಯಾಟಿನ್ ಲಿಪಿಯ ರೊಮೇನಿಯನ್‌ನಲ್ಲೇ ಬರುತ್ತದೆ, ಅನುವಾದ ಬೇಕಿಲ್ಲ. ಎರಡು ದೇಶಗಳ ನಡುವಿನ ಒಪ್ಪಂದದಿಂದಾಗಿ ಮೊಲ್ಡೋವಾದ ಪತ್ರಗಳಿಗೆ ರೊಮೇನಿಯಾದಲ್ಲಿ ಅಪೊಸ್ಟಿಲ್ (ಪತ್ರದ ಸಹಿ, ಸೀಲು ಅಸಲಿ ಎಂದು ಹೊರದೇಶಗಳಿಗೆ ದೃಢಪಡಿಸುವ ಸರ್ಕಾರಿ ಒಕ್ಕಣೆ) ಕೂಡ ಕೇಳುವುದಿಲ್ಲ. ಅರ್ಧ ಖರ್ಚು ಅಲ್ಲೇ ಉಳಿಯಿತು.

ಹೊಸ ಪ್ರತಿ ಕೈಗೆ ಬಂದ ಕೂಡಲೇ ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. 1932ರ ರಿಜಿಸ್ಟರಿನಲ್ಲಿ ‘ನಿಕೊಲಾಯೆ ಮುಂತ್ಯಾನು’ ಎಂದಿದ್ದ ಅಜ್ಜ ಅತ್ತೆಯ ಜನನ ಪತ್ರದಲ್ಲಿ ‘ನಿಕೊಲಾಯ್ ಮುಂತ್ಯಾನ್’ ಆಗಿರುವುದು ತೀರಾ ಸಾಮಾನ್ಯ, ಸೋವಿಯತ್ ಗುಮಾಸ್ತರು ರಷ್ಯನ್ ರೂಪದಲ್ಲೇ ಬರೆದುಕೊಳ್ಳುತ್ತಿದ್ದರು. ಇಂಥ ವ್ಯತ್ಯಾಸವಿದ್ದರೆ ಆ ನೋಂದಣಿ ಕಚೇರಿಯಲ್ಲೇ ತಿದ್ದುಪಡಿಗೆ ಅರ್ಜಿ ಕೊಡಿ. ಅವರು ಒಪ್ಪದಿದ್ದರೆ ಅಲ್ಲಿನ ಕೋರ್ಟಿಗೆ ಹೋಗಬೇಕಾಗುತ್ತದೆ. ಬೇರೆಯವರಿಗೆ ಉಪಯೋಗವಾಗಲಿ ಎಂದು ಇನ್ನೊಂದು ಮಾತು: ಪೂರ್ವಜರು 1919ರ ಏಪ್ರಿಲ್‌ಗಿಂತ ಮುಂಚೆ ಹುಟ್ಟಿದ್ದರೆ ಹಳೇ ಪಂಚಾಂಗದ (ಜೂಲಿಯನ್ ಕ್ಯಾಲೆಂಡರಿನ) ತಾರೀಖು 13 ದಿನ (1900ರ ಮಾರ್ಚ್‌ಗಿಂತ ಹಿಂದಿನದಾದರೆ 12 ದಿನ) ಹಿಂದೆ ಇರಬಹುದು.

ಉತ್ತರ 2: ಬೆಂಗಳೂರಿನ ಕಾಗದಗಳ ಬಗ್ಗೆ ಹೇಳುತ್ತೇನೆ ಮೇಡಂ. ಭಾರತದ ಪತ್ರಗಳಿಗೆ ಅಪೊಸ್ಟಿಲ್ ಬೇಕೇ ಬೇಕು. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ಇನಿಷಿಯಲ್ ಸಮಸ್ಯೆಯನ್ನು ಇದಕ್ಕೂ ಮುಂಚೆ ಬಗೆಹರಿಸಿಕೊಳ್ಳಿ. ಮಗಳ ಜನನ ಪತ್ರದಲ್ಲಿ ತಾಯಿಯ ಹೆಸರು ‘ಕೆ. ಲಕ್ಷ್ಮಿ’, ಪಾಸ್‌ಪೋರ್ಟಿನಲ್ಲಿ ‘ಲಕ್ಷ್ಮಿ ಕೃಷ್ಣಮೂರ್ತಿ’ ಎಂದಿದ್ದರೆ ನಮ್ಮಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಬುಕಾರೆಸ್ಟಿನ ಅಧಿಕಾರಿಗೆ ಮಾತ್ರ ಅವರು ಇಬ್ಬರು ಬೇರೆ ಬೇರೆ ಹೆಂಗಸರು. ಜನನ ನೋಂದಣಿ ಕಚೇರಿಯಲ್ಲೇ ತಿದ್ದಿಸಿ, ಹೊಸ ಪ್ರತಿಗೆ ಅಪೊಸ್ಟಿಲ್ ಮಾಡಿಸಿ. ಬರೀ ಅಫಿಡವಿಟ್ ನೆಚ್ಚಿಕೊಳ್ಳಬೇಡಿ. ಮಗುವಿನ ಹೆಸರೇ ಸೇರದ ಜನನ ಪತ್ರವಾಗಿದ್ದರೆ ಹೆಸರು ಸೇರಿಸಿಸುವುದು ಮೊದಲ ಕೆಲಸ.

ಲ್ಯಾಮಿನೇಷನ್ ಮಾಡಿಸಿದ ಪ್ರತಿ ಅಪೊಸ್ಟಿಲ್‌ಗೆ ಬರುವುದಿಲ್ಲ. ಇನ್ನು, ಯಾವುದಾದರೂ ಪತ್ರ ಪೂರ್ತಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಪ್ರತಿ ಕೇಳಿ ಪಡೆಯಿರಿ, ಕನ್ನಡದಿಂದ ನೇರ ರೊಮೇನಿಯನ್‌ಗೆ ಅಧಿಕೃತ ಅನುವಾದಕರು ಸಿಗುವುದು ಕಷ್ಟ.

ಮತ್ತೆ ಕೇಳಿದ್ದು: ರೊಮೇನಿಯನ್ ಅನುವಾದವನ್ನು ಇಲ್ಲೇ ಮಾಡಿಸಿ ನೋಟರಿ ಸಹಿ ಹಾಕಿಸಿದರೆ ನಡೆಯುತ್ತದಾ?

ಉತ್ತರ 3: ನಡೆಯುವುದಿಲ್ಲ. ಬಹಳ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಅನುವಾದಕರಿಗೆ ರೊಮೇನಿಯಾದ ನ್ಯಾಯ ಸಚಿವಾಲಯದ ಅನುಮತಿ ಇರಬೇಕು, ಅವರ ಸಹಿಯನ್ನು ಅಲ್ಲಿನ ನೋಟರಿ ದೃಢೀಕರಿಸಬೇಕು. ಆ ನೋಟರಿಯ ಹತ್ತಿರ ಅನುವಾದಕರ ಮಾದರಿ ಸಹಿ ಇದ್ದರೆ ಮಾತ್ರ ಅದು ಸಾಧ್ಯ. ಆದ್ದರಿಂದ ನೋಟರಿಯನ್ನೂ ಅನುವಾದಕರನ್ನೂ ಬೇರೆ ಬೇರೆ ಹುಡುಕದೆ ಜೊತೆಯಲ್ಲೇ ಕೆಲಸ ಮಾಡುವವರನ್ನು ಹಿಡಿಯಿರಿ.

ಅಪೊಸ್ಟಿಲ್ ಮೊದಲು, ಅನುವಾದ ಆಮೇಲೆ. ಅಪೊಸ್ಟಿಲ್‌ನ ಒಕ್ಕಣೆಯೂ ಅನುವಾದ ಆಗಲೇಬೇಕು. ಭಾರತದ ಅಪೊಸ್ಟಿಲ್ ಸ್ಟಿಕ್ಕರು ಸಾಮಾನ್ಯವಾಗಿ ಪತ್ರದ ಹಿಂಬದಿಯಲ್ಲಿರುತ್ತದೆ. ಮುಂಭಾಗ ಮಾತ್ರ ಸ್ಕ್ಯಾನ್ ಮಾಡಿ ಕಳಿಸಿದರೆ ಅನುವಾದಕರಿಗೆ ಅದು ಕಾಣುವುದೇ ಇಲ್ಲ. ಎರಡೂ ಬದಿ, ರಾಜ್ಯದ ಸೀಲುಗಳ ಸಮೇತ ಕಳಿಸಿ. ಪಾಸ್‌ಪೋರ್ಟಿನ ಮಾಹಿತಿ ಪುಟವನ್ನೂ ಜೊತೆಗಿಟ್ಟು, ಹೆಸರು ಅದರಲ್ಲಿದ್ದ ಹಾಗೇ ಬರಲಿ ಎಂದು ಬರೆದು ತಿಳಿಸಿ.

ನೋಟರಿ ಅನುವಾದವನ್ನೂ ಪತ್ರವನ್ನೂ ಒಟ್ಟಿಗೆ ಹೊಲಿದು ಸೀಲು ಹಾಕಿ ಕೊಡುತ್ತಾರೆ. ಝೆರಾಕ್ಸಿಗೆಂದು ಅದನ್ನು ಬಿಚ್ಚಬೇಡಿ, ಬಿಚ್ಚಿದರೆ ಮತ್ತೆ ಮೊದಲಿನಿಂದ ಮಾಡಿಸಬೇಕು. ನೀವು ಮದುವೆ ಮತ್ತು ಮಗಳ ಜನನ ಪತ್ರಗಳ ಎರಡೆರಡು ಸೆಟ್ ಮಾಡಿಸಿಕೊಂಡರೆ ಒಳ್ಳೆಯದು. ಪೌರತ್ವ ಬಂದ ಮೇಲೆ ಈ ಘಟನೆಗಳನ್ನು ರೊಮೇನಿಯಾದ ರಿಜಿಸ್ಟರಿಗೆ ದಾಖಲಿಸಬೇಕು, ಅದಾಗದೆ ಅಲ್ಲಿನ ಪಾಸ್‌ಪೋರ್ಟ್ ಸಿಗುವುದಿಲ್ಲ. ಆಗ ಇದೇ ಕಾಗದಗಳು ಮತ್ತೆ ಬೇಕು.

ಉತ್ತರ 4: ಪೊಲೀಸ್ ಪ್ರಮಾಣಪತ್ರ ಕಟ್ಟಕಡೆಗೆ ತೆಗೆಸಿ. ಯಜಮಾನರ ಮೊಲ್ಡೋವಾದ್ದೂ ಬೇಕು, ವಾಸವಿರುವ ಭಾರತದ್ದೂ ಬೇಕು. ಇದರ ಅವಧಿ 6 ತಿಂಗಳು, ಅಪೊಸ್ಟಿಲ್ ಮತ್ತು ಅನುವಾದದಲ್ಲೇ ಅರ್ಧ ಕಳೆದುಹೋಗಬಹುದು. ಜನನ, ಮದುವೆ ಪತ್ರಗಳಿಗೆ ಈ ಅವಸರ ಇಲ್ಲ. ಮಗಳನ್ನು ತಂದೆಯ ಫೈಲಿಗೆ ಸೇರಿಸಲು ತಾಯಿಯಾಗಿ ನಿಮ್ಮ ಒಪ್ಪಿಗೆ ಪತ್ರವೂ ಬೇಕು. ಅರ್ಜಿ ಕೊಡಲು ನೀವು ಜೊತೆಗೆ ಹೋಗದಿದ್ದರೆ ದೆಹಲಿಯ ರೊಮೇನಿಯಾ ರಾಯಭಾರ ಕಚೇರಿಯಲ್ಲಿ ಮಾಡಿಸುವುದು ಸಲೀಸು; ಇಲ್ಲಿನ ನೋಟರಿ ಹತ್ತಿರ ಮಾಡಿಸಿದರೆ ಅದಕ್ಕೂ ದೃಢೀಕರಣ, ಅಪೊಸ್ಟಿಲ್, ಅನುವಾದ ಎಲ್ಲ ಸೇರಿಕೊಳ್ಳುತ್ತವೆ. 2025ರ ತಿದ್ದುಪಡಿಯಿಂದ ರೊಮೇನಿಯನ್ ಭಾಷೆಯ ಬಿ1 (ಮಧ್ಯಮ) ಮಟ್ಟವನ್ನೂ ತೋರಿಸಬೇಕು. ಯಜಮಾನರು ಆ ಮಾಧ್ಯಮದಲ್ಲೇ ಓದಿದ್ದರೆ ಶಾಲೆಯ ದಾಖಲೆಗಳನ್ನು ಈಗಲೇ ತರಿಸಿಡಿ.

ಕೊನೆಗೆ, ಮಗಳ ಹತ್ತಿರ ಭಾರತೀಯ ಪಾಸ್‌ಪೋರ್ಟ್ ಇದ್ದರೆ ಮನೆಯಲ್ಲಿ ಕೂತು ಮಾತಾಡಿ. ನಮ್ಮ ಕಾನೂನು ಎರಡು ಪೌರತ್ವ ಒಪ್ಪುವುದಿಲ್ಲ. ರೊಮೇನಿಯಾದ ಪಾಸ್‌ಪೋರ್ಟ್ ತೆಗೆದುಕೊಂಡರೆ ಇಲ್ಲಿನದನ್ನು ಒಪ್ಪಿಸಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬೇಕಾಗುತ್ತದೆ. ಅವಳನ್ನು ಈಗಲೇ ಸೇರಿಸಬೇಕೇ ಎಂಬುದನ್ನು ಅನುವಾದಕ್ಕೆ ದುಡ್ಡು ಕೊಡುವ ಮುಂಚೆಯೇ ತೀರ್ಮಾನಿಸಿಕೊಳ್ಳಿ.